ಸತ್ಯಾಂಶ: ನೀರು ಬೀಳುವ ಜಾಗದ ನೇರ ಮೇಲಿನ ಹೆಂಚೇ ಒಡೆದಿರುತ್ತಾ?

ಮಳೆಗಾಲ ಹತ್ತಿರ ಬಂತು ಅಂದ್ರೆ ವಾಟ್ಸಾಪಿನಲ್ಲಿ ಒಂದು ಸಂದೇಶ ಓಡಾಡುತ್ತದೆ: 'ಮನೆಯೊಳಗೆ ಹನಿ ಬೀಳುವ ಜಾಗದ ನೇರ ಮೇಲಿನ ಹೆಂಚು ಬದಲಿಸಿ, ಸೋರುವುದು ನಿಲ್ಲುತ್ತದೆ.'

ಇದು ಎಲ್ಲ ಸಲ ನಿಜವಲ್ಲ. ನಮ್ಮ ಮಲೆನಾಡಿನ ಮಾಡು, ಅಂದ್ರೆ ಹೆಂಚಿನ ಚಾವಣಿ, ಇಳಿಜಾರು. ಹೆಂಚಿನ ಸಂದಿಯಲ್ಲಿ ನುಗ್ಗಿದ ನೀರು ಪಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ಅಡಿಭಾಗ ಹಿಡಿದು ಕೆಳಗೆ ಹರಿಯುತ್ತದೆ. ಎಲ್ಲೋ ಒಂದು ಗಂಟು ಅಡ್ಡ ಸಿಕ್ಕಾಗ ಅಲ್ಲಿಂದ ತೊಟ್ಟಿಕ್ಕುತ್ತದೆ. ತೂತು ಎಷ್ಟೋ ಅಡಿ ಮೇಲಿರಬಹುದು.

ಹಗಲಲ್ಲಿ ಟಾರ್ಚ್ ಹಿಡಿದು ಅಟ್ಟ ಹತ್ತಿ. ಪಕಾಸಿನ ಮೇಲೆ ನೀರಿಳಿದ ಕಪ್ಪು ಗೆರೆ ಕಾಣುತ್ತದೆ. ಬೆರಳಿಟ್ಟರೆ ಮರ ಮೆತ್ತಗಿರಲೂಬಹುದು. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ, ಅದು ಶುರುವಾಗುವ ಕಡೆ ಹುಡುಕಿ.

ಎಷ್ಟೋ ಸಲ ಹೆಂಚು ಗಟ್ಟಿಯಾಗಿಯೇ ಇರುತ್ತದೆ. ಎರಡು ಮಾಡು ಸೇರುವ ಒಳಮೂಲೆಯ ತಗಡಿನಲ್ಲಿ ತರಗೆಲೆ ತುಂಬಿ, ನೀರು ಉಕ್ಕಿ ಒಳಗೆ ಬಂದಿರುತ್ತದೆ. ನಾನಂತೂ ಮೊದಲು ನೋಡುವುದು ಅಲ್ಲೇ. ನೆತ್ತಿಯ ಹೆಂಚಿನ ಗಾರೆ ಬಿರಿದಿದೆಯಾ ಅಂತಲೂ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅಲ್ವಾ? ಅಂಥ ಕಡೆ ಕೂದಲೆಳೆ ಬಿರುಕೂ ಸಾಕು.

ಈ ಕೆಲಸ ಮೇ ತಿಂಗಳಲ್ಲೇ ಮುಗಿಸಿ. ಪಾಚಿ ಕಟ್ಟಿದ ಒದ್ದೆ ಹೆಂಚಿನ ಮೇಲೆ ದಯವಿಟ್ಟು ಕಾಲಿಡಬೇಡಿ.