ಇನ್ನೆರಡು ತಂತಿ ಎಲ್ಲಿ?

ಇವತ್ತು ಬೆಳಿಗ್ಗೆಯೂ ಒಬ್ಬರು ಕೇಳಿದರು. ಹೋಟೆಲಿನಲ್ಲಿ ಮೊದಲನೇ ದೋಸೆಯ ಬೆಣ್ಣೆ ಇನ್ನೂ ಕರಗಿರಲಿಲ್ಲ. "ಗಿಟಾರ್ ತಗೊಂಡ್ರಂತೆ. ಎರಡು ತಂತಿ ಕಮ್ಮಿ ಕೊಟ್ಟು ಮೋಸ ಮಾಡಿದ್ರಂತಲ್ಲ?"

ದಾವಣಗೆರೆ ತುಂಬ ಈ ಸುದ್ದಿ ಹಂಚಿದವರು ಯಾರು ಅಂತ ಗೊತ್ತು. ನಮ್ಮ ಸೋದರಮಾವ.

ಸ್ವಾಮೀ, ಅದು ಬೇಸ್ ಗಿಟಾರ್, ಹಾಡಿನ ತಗ್ಗು ದನಿ ನುಡಿಸೋದು. ಮಾಮೂಲಿ ಗಿಟಾರಿಗೆ ಆರು ತಂತಿ, ಸಾಮಾನ್ಯವಾಗಿ ಇದಕ್ಕಿರೋದೇ ನಾಲ್ಕು. 1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಾಗಲೂ ನಾಲ್ಕೇ ಇತ್ತು. ಯಾರೂ ಕದ್ದಿಲ್ಲ. (ಐದು ತಂತಿಯದೂ ಸಿಗುತ್ತದೆ. ದಯವಿಟ್ಟು ಮಾವನಿಗೆ ಹೇಳಬೇಡಿ.)

ನಮ್ಮದೊಂದು ಸಣ್ಣ ಆರ್ಕೆಸ್ಟ್ರಾ. ಗಣಪತಿ ಪೆಂಡಾಲು, ಆರತಕ್ಷತೆ, ಅಷ್ಟೇ. ಇಷ್ಟು ದಿನ ಬೇಸ್ ಭಾಗವನ್ನು ಕೀಬೋರ್ಡಿನವನೇ ಎಡಗೈಯಲ್ಲಿ ನುಡಿಸುತ್ತಿದ್ದ. ಈ ಸಲ ಎಡಗೈಗೆ ಬೇರೆ ಪೇಮೆಂಟ್ ಕೇಳಿದ. ಅದಕ್ಕೇ ನಾನು ಹೊರಟೆ. ಬಜೆಟ್ 20,000.

ಹದಿನೈದು ರಾತ್ರಿ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಯಾವ ಬೇಸ್ ಹಾಕಿದರೂ ಒಂದೇ ಸದ್ದು, ಟಪ್ ಟಪ್. ಆಮೇಲೆ ಹೊಳೆಯಿತು. ಬೇಸಿನ ದಪ್ಪ ತಂತಿಯದು ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟೇ ಸಲ ಅದುರೋ ತಗ್ಗು ದನಿ. ಮೊಬೈಲಿನ ಉಗುರಗಲದ ಸ್ಪೀಕರ್‌ಗೆ ಅಷ್ಟು ಕೆಳಗಿಳಿಯೋಕೆ ಆಗಲ್ಲ. ಇಯರ್‌ಫೋನ್ ಹಾಕಿ ಮತ್ತೆ ಮೊದಲಿಂದ ಶುರು.

ಕೊನೆಗೆ ಪಿಜೆ ಅಂತ ತೀರ್ಮಾನಿಸಿದೆ. ತಂತಿಯ ಅದುರು ಹಿಡಿಯೋ ಪಿಕಪ್ ಇದರಲ್ಲಿ ಎರಡು ಥರ: ಮಧ್ಯದಲ್ಲಿ ಪ್ರಿಸಿಷನ್ ಪಿಕಪ್, ತಂತಿಯ ಬುಡ ಕೂರೋ ಬ್ರಿಡ್ಜ್ ಪಕ್ಕ ಜಾಝ್ ಪಿಕಪ್. ಒಂದರದು ದುಂಡು ದನಿ, ಇನ್ನೊಂದರದು ಚುರುಕು. ಬೇಕಾದಷ್ಟು ಬೆರೆಸಿಕೊಂಡರೆ ಭಜನೆಗೂ ಆಯಿತು, ಕುಣಿತಕ್ಕೂ ಆಯಿತು. ಮಾವನಿಗೆ ಇದನ್ನೆಲ್ಲ ವಿವರಿಸಿದೆ. "ಪಿ.ಜೆ. ಬಡಾವಣೆ ಅಂದ್ರೆ ರೇಟ್ ಜಾಸ್ತಿನೇ ಇರ್ತೈತಿ ಬಿಡಲೇ" ಅಂದರು.

ಮಾವನಿಗೊಂದು ಚಟ. ಏನೇ ಕೊಂಡರೂ ಒಂದಕ್ಕೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಬೇಕು. ಮಂಡಕ್ಕಿ ಜೊತೆ ಬಂದ ಮಿರ್ಚಿಯನ್ನೂ ಬಿಡಿಸಿ ರೇಟು ಹಾಕುತ್ತಾರೆ. ಅಂಥವರನ್ನು ಅಂಗಡಿಗೆ ಕರೆದುಕೊಂಡು ಹೋದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

"ಆರು ತಂತಿದು ಎಷ್ಟು?"

"6,000 ಸಾರ್."

"ಅಲ್ಲಿಗೆ ತಂತಿಗೆ ಸಾವಿರ. ಇದು ನಾಲ್ಕು ತಂತಿ. ನಾಲ್ಕು ಸಾವಿರಕ್ಕೆ ಕಟ್ರಿ."

"ತಂತಿ ದಪ್ಪ ಐತೆ ಸಾರ್."

"ದಪ್ಪಕ್ಕೆ ಐನೂರು ಹಾಕ್ಕಳ್ರಿ."

ಉದ್ದನೂ ಜಾಸ್ತಿ, 34 ಇಂಚು, ಅಂದ ಪಾಪ ಅಂಗಡಿಯವನು. ಮಾವ ಟೇಪು ಕೇಳಿದರು. ಬಟ್ಟೆ ಮಿಲ್ಲಿನಲ್ಲಿದ್ದವರು, ಅಳತೆ ಬಿಡುತ್ತಾರೆಯೇ? ತಂತಿಯ ಮೇಲ್ತುದಿ ಕೂರೋ ನಟ್‌ನಿಂದ ಬ್ರಿಡ್ಜ್‌ವರೆಗೆ, ಕನ್ನಡಕ ಏರಿಸಿ, ಬಗ್ಗಿ, ಎರಡು ಸಲ ಅಳೆದರು. 34 ಸರಿಯಾಗಿ ಬಂತು. ಅವರ ಮುಖ ಸಣ್ಣದಾಯಿತು.

ಅಂಗಡಿಯವನು ಬ್ಯಾಟರಿ ಹಾಕುವ ಬೇಸೊಂದನ್ನೂ ತೋರಿಸಿದ. ಪೆಂಡಾಲಿನಲ್ಲಿ ಹಾಡಿನ ಮಧ್ಯೆ 9 ವೋಲ್ಟ್ ಬ್ಯಾಟರಿ ಕೈಕೊಟ್ಟರೆ ನಾನು ಬರೀ ಕೈಯಾಡಿಸುತ್ತ ನಿಲ್ಲಬೇಕು. ಬೇಡ ಅಂದೆ. ಅದೊಂದಕ್ಕೆ ಮಾವ ತಲೆಯಾಡಿಸಿದರು.

ಕೊನೆಗೆ ಬ್ಯಾಗು, ಬೆಲ್ಟು ಸೇರಿ 18,000. ಅಷ್ಟಕ್ಕೂ ಮಾವ ಎದ್ದೇಳಲಿಲ್ಲ. ಇನ್ನೆರಡು ತಂತಿ ಕೊಡೋವರೆಗೂ ಕೂತೇ ಇದ್ದರು. ತಲೆನೋವು ತಪ್ಪಿಸಿಕೊಳ್ಳಲು ಅಂಗಡಿಯವನು ಮಾಮೂಲಿ ಗಿಟಾರಿನ ಎರಡು ಸಪೂರ ತಂತಿ ಕೊಟ್ಟ. ಅವು ಈಗ ನಮ್ಮನೆ ಮೊಳೆಗೆ ನೇತಾಡುತ್ತಿವೆ. ಬಂದವರಿಗೆಲ್ಲ ಮಾವ ತೋರಿಸುತ್ತಾರೆ: "ಇವನ್ನ ಇನ್ನೂ ಹಾಕಿಸಿಲ್ಲ ನೋಡ್ರಿ, ಸೋಮಾರಿ."

ಸ್ಕೂಟರಿನಲ್ಲಿ ತರುವಾಗ ಮಾವ ಹಿಂದೆ ಕೂತು ಬೇಸನ್ನು ಧ್ವಜದ ಹಾಗೆ ನೆಟ್ಟಗೆ ಹಿಡಿದಿದ್ದರು. ಜಯದೇವ ಸರ್ಕಲ್‌ನಲ್ಲಿ ಇಬ್ಬರು ನಿಂತು ನೋಡಿದರು.

ಮನೆಯಲ್ಲಿ ಹಳೇ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ದಪ್ಪ ತಂತಿ ಮೀಟಿದೆ. ಶೆಲ್ಫಿನ ಸ್ಟೀಲ್ ಲೋಟಗಳು ಗಲಗಲ ಅಂದವು. ಮಾವ ಗೋಡೆಗೆ ಅಂಗೈ ಒತ್ತಿ ನಿಂತುಬಿಟ್ಟರು.

"ಮಿಲ್ಲು ಓಡುವಾಗ ಗ್ವಾಡೆ ಹಿಂಗೇ ಇರ್ತಿತ್ತು" ಅಂದರು. ಆ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಯಿತು. "ಇನ್ನೊಂದ್ಸಲ ಬಾರ್ಸಲೇ."

ಬಾರಿಸಿದೆ. ಬೇರೆ ಏನೂ ಅಲ್ಲ, ಅದೊಂದೇ ತಂತಿ, ಹತ್ತು ನಿಮಿಷ. ಮಾವ ಕೈ ತೆಗೆಯಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಆಮೇಲೆ ಅಂಗೈ ಒರೆಸಿಕೊಂಡು ತಿರುಗಿದರು.

"ಅಲ್ಲಲೇ, ಇಷ್ಟಕ್ಕೆ ಒಂದೇ ತಂತಿ ಸಾಕಿತ್ತಲ್ಲ? 4,500ಕ್ಕೆ ಮುಗೀತಿತ್ತು."