ಒಬ್ಬಂಟಿಗರಿಗೂ ಒಂದು ಗುಂಪು ಬೇಕಲ್ವಾ?

ಅಮೆರಿಕದಲ್ಲಿ ಹಳೆಯ ದಾಖಲೆಗಳನ್ನು ಕಾಪಾಡುವವರದ್ದೊಂದು ಸಂಘವಿದೆ. ‘ಆ ಸೊಸೈಟಿ ಆಫ್ ಅಮೆರಿಕನ್ ಆರ್ಕಿವಿಸ್ಟ್ಸ್‌ನಲ್ಲಿ ಸೆಕ್ಷನ್‌ಗಳು (ಒಂದೊಂದು ವಿಷಯಕ್ಕೆ ಒಂದೊಂದು ಸದಸ್ಯರ ಗುಂಪು) ಜಾಸ್ತಿಯಾಗಿ ಸಂಘ ಹರಿದು ಹಂಚಿಹೋಗಿದೆ’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ಮೂಲನಿವಾಸಿಗಳ ದಾಖಲೆಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬ ನಿಯಮಗಳು 2006ರಲ್ಲೇ ಸಿದ್ಧವಾಗಿದ್ದವು. ಸಂಘ ಅವನ್ನು ಅನುಮೋದಿಸಿದ್ದು 2018ರಲ್ಲಿ! ಅಷ್ಟು ವರ್ಷ ಆ ವಿಷಯ ಮೂಲೆಗೆ ಬೀಳದ ಹಾಗೆ ಹಿಡಿದುಕೊಂಡಿದ್ದು ಅದಕ್ಕೆಂದೇ ಇದ್ದ ಸದಸ್ಯರ ಗುಂಪು.

ನಾನು ಅಲ್ಲಿನ ಸಣ್ಣ ಕಾಲೇಜೊಂದರ ದಾಖಲೆಗಳನ್ನು ಒಬ್ಬಳೇ ನೋಡಿಕೊಳ್ಳುತ್ತೇನೆ. ಬೂಷ್ಟು ಹಿಡಿದ ಪೆಟ್ಟಿಗೆ ಬಂದರೆ ಪಕ್ಕದ ಮೇಜಿನವರನ್ನು ಕೇಳೋಣ ಅಂದರೆ ಪಕ್ಕದ ಮೇಜೇ ಇಲ್ಲ. ನನ್ನಂಥವರಿಗೆಂದೇ ‘ಲೋನ್ ಅರೇಂಜರ್ಸ್’ ಸೆಕ್ಷನ್ ಇದೆ (ಒಂಟಿಯಾಗಿ ದಾಖಲೆ ಜೋಡಿಸುವವರು ಅಂತ; ‘ಲೋನ್ ರೇಂಜರ್’ ಎಂಬ ಕೌಬಾಯ್ ಕಥೆಗಳ ನಾಯಕನ ಹೆಸರನ್ನು ತಿರುಚಿದ್ದು. ಕೇಳಿಯೇ ನಗು ಬಂದಿತ್ತು). ದೊಡ್ಡ ಸಮ್ಮೇಳನದಲ್ಲಿ ಕೇಳಲು ಸಂಕೋಚವಾಗುವ ಪ್ರಶ್ನೆಗೆ ಅಲ್ಲಿ ಜಾಗವಿದೆ. ತೊಂದರೆ ಸೆಕ್ಷನ್‌ಗಳು ಜಾಸ್ತಿಯಾಗಿದ್ದಲ್ಲ, ಕೊರತೆ ಇರುವುದು ಅವುಗಳ ಕೆಲಸಕ್ಕೆ ಕೈಜೋಡಿಸುವವರದ್ದು. ಸೆಕ್ಷನ್‌ನ ಸಮಿತಿಗೆ ನಿಲ್ಲಿ ಅಂದಾಗ ನಾನೂ ಸುಮ್ನೆ ತಪ್ಪಿಸಿಕೊಂಡವಳೇ ಬಿಡಿ.