ನೂರು ರೂಪಾಯಿ ಚೀಲಕ್ಕೆ ನೂರೆಂಟು ಪ್ರಶ್ನೆ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದು ಹಾಕಿದರೆ ಸ್ವಲ್ಪ ಹಗುರ ಆದೀತು ಅಂತ ಕೂತಿದ್ದೇನೆ.

ನನ್ನ ತಂಗಿ ಮಗಳು ಗೊತ್ತಲ್ಲ, ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮಾಡಿದವಳು, ನಾನು ಬ್ಯಾಂಕಿನಿಂದ ರಿಟೈರ್ ಆದ ದಿನ ನನಗಿಂತ ಜಾಸ್ತಿ ಅತ್ತವಳು. ಆರು ತಿಂಗಳು ಉಗಾಂಡಾಕ್ಕೆ ಹೊರಟಿದ್ದಾಳೆ. ಸಂಬಳ ಇಲ್ಲ. ಜಿಂಜಾ ಅನ್ನೋ ಊರಿನ ಹತ್ತಿರ ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಹೊಲಿಗೆ ಹೇಳಿಕೊಡಬೇಕು, ಸಣ್ಣ ಅಂಗಡಿಯ ಲೆಕ್ಕ ಬರೆಯೋದು ಕಲಿಸಬೇಕು. ಇರೋಕೆ ಜಾಗ, ಊಟ ಅವರದು. ಟಿಕೆಟ್, ವೀಸಾ, ಇನ್ಶೂರೆನ್ಸ್, ಹಳದಿ ಜ್ವರದ ಸೂಜಿ ಇವಳದು. ಆ ಸೂಜಿ ಕಂಡಕಂಡ ಆಸ್ಪತ್ರೆಯಲ್ಲಿ ಹಾಕಲ್ಲ. ಅದಕ್ಕಂತಲೇ ಬೆಂಗಳೂರಿಗೆ ಹೋಗಿ ಬಂದಳು. ಎಲ್ಲ ಸೇರಿ 1,60,000 ರೂಪಾಯಿ. ಅರ್ಧ ಅವಳ ಉಳಿತಾಯ. ಉಳಿದದ್ದಕ್ಕೆ ಕಟ್‌ಪೀಸ್ ತಂದು ಚೀಲ ಹೊಲಿದು ಮಾರುತ್ತಿದ್ದಾಳೆ. ಒಂದಕ್ಕೆ 100.

ನಿನ್ನೆ ಇಲ್ಲಿ ದಾವಣಗೆರೆಯಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಗೇಟ್ ಪಕ್ಕ ಟೇಬಲ್ ಹಾಕಿದ್ದಳು. ನಾನು ಚಿಲ್ಲರೆ ಡಬ್ಬಿ ಇಟ್ಟುಕೊಂಡು ಪಕ್ಕದಲ್ಲಿ. ಕ್ಯಾಷಿಯರ್ ಬುದ್ಧಿ ಎಲ್ಲಿ ಹೋಗುತ್ತೆ!

ವಾಕಿಂಗ್ ಮುಗಿಸಿ ಒಬ್ಬ ಹಿರಿಯರು ಬಂದರು. ಚೀಲ ಎತ್ತಿಕೊಂಡರು. ಒಳಗಿನದು ಹೊರಗೆ ಮಾಡಿದರು. ಹಿಡಿ ಜಗ್ಗಿದರು. ಹೊಲಿಗೆಯನ್ನು ಉಗುರಲ್ಲಿ ಕೆರೆದು ನೋಡಿದರು. ಆಮೇಲೆ ಶುರು. "ಅಲ್ಲವ್ವಾ, ಇಲ್ಲಿ ಬಡವ್ರಿಲ್ಲೇನು? ಹರಪನಹಳ್ಳಿ ಕಡೆ ಹೋಗು, ಜಗಳೂರಿಗೆ ಹೋಗು." "ಮನೇಲಿ ಒಪ್ಪಿದ್ದಾರಾ?" "ದುಡ್ಡು ನಿಜವಾಗಲೂ ಅಲ್ಲಿಗೇ ಹೋಗುತ್ತೆ ಅಂತ ಏನು ಗ್ಯಾರಂಟಿ?" ಕೊನೆಗೆ ಬ್ರಹ್ಮಾಸ್ತ್ರ, ಉಗಾಂಡಾದ ಹಳೇ ಸರ್ವಾಧಿಕಾರಿಯ ಹೆಸರು: "ಇದಿ ಅಮೀನ್ ನಮ್ಮೋರನ್ನ ಓಡಿಸಿದ ದೇಶ ಅದು."

ಹುಡುಗಿ ಸಮಾಧಾನವಾಗಿಯೇ ಹೇಳಿದಳು. "ಹೌದು ಅಂಕಲ್, 1972ರಲ್ಲಿ, 90 ದಿನ ಟೈಮ್ ಕೊಟ್ಟು ಓಡಿಸಿದ. ಆಮೇಲೆ ಎಷ್ಟೋ ಜನ ವಾಪಸ್ ಹೋದರು. ಜಿಂಜಾ ಪಕ್ಕದಲ್ಲೇ ಗುಜರಾತಿಗಳ ಸಕ್ಕರೆ ಕಾರ್ಖಾನೆ ಇದೆ." ಅಂಕಲ್ ಚೀಲ ಮಡಚುತ್ತಾ ಕೇಳಿದರು, "ಎಂಬತ್ತಕ್ಕೆ ಕೊಡ್ತೀಯಾ?"

ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಇದಿಷ್ಟೇ ಆಗಿದ್ದರೆ ಮನೆಗೆ ಬಂದು ಚಹಾ ಕುಡಿದು ಮರೆಯುತ್ತಿದ್ದೆ. ಅಷ್ಟರಲ್ಲಿ ಗಣಪತಿ ಪಟ್ಟಿ ಎತ್ತೋ ಹುಡುಗರು ಬಂದರು. ರಸೀದಿ ಪುಸ್ತಕ ಇನ್ನೂ ತೆರೆದಿರಲಿಲ್ಲ, ಅದೇ ಅಂಕಲ್ ಜೇಬಿನಿಂದ 2,001 ತೆಗೆದರು. ನಗುನಗುತ್ತಾ! ಡಿಜೆಗೆ ಎಷ್ಟು, ಪೆಂಡಾಲಿಗೆ ಎಷ್ಟು, ಉಳಿದದ್ದು ಯಾರ ಜೇಬಿಗೆ? ಒಂದು ಪ್ರಶ್ನೆ ಇಲ್ಲ. ಗಣಪತಿಗೆ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೇ, ನಾನೂ 501 ಕೊಟ್ಟಿದ್ದೇನೆ. ಅಲ್ಲಿ ಕೇಳದ ಲೆಕ್ಕ ಇಲ್ಲಿ ಯಾಕೆ?

ಅದೂ ಲೆಕ್ಕ ಬರೆದು ಟೇಬಲ್ಲಿಗೇ ಅಂಟಿಸಿದ್ದವಳ ಹತ್ತಿರ. ಟಿಕೆಟ್ಟಿಗೆ ಎಷ್ಟು, ಸೂಜಿಗೆ ಎಷ್ಟು, ನಿನ್ನೆವರೆಗೆ ಎಷ್ಟು ಚೀಲ ಹೋಯಿತು, ಎಲ್ಲ ಇತ್ತು. ಯಾರೂ ಓದಲಿಲ್ಲ.

ಇಂಥದ್ದರಲ್ಲಿ ಮೋಸ ಇಲ್ವಾ ಅಂತೀರಿ. ಇದೆ. ಕಾಂಬೋಡಿಯಾದಲ್ಲಿ ಅಪ್ಪ ಅಮ್ಮ ಇರೋ ಮಕ್ಕಳನ್ನೇ ಅನಾಥಾಶ್ರಮದಲ್ಲಿ ಕೂರಿಸಿ, ದುಡ್ಡು ಕೊಟ್ಟು ಬರೋ ಫಾರಿನ್ ಸ್ವಯಂಸೇವಕರಿಗೆ ತೋರಿಸಿದ ಕಥೆಗಳಿವೆ. ಎರಡು ವಾರ ಹೋಗಿ ಮಕ್ಕಳನ್ನು ಎತ್ತಿಕೊಂಡು ಫೋಟೋ ಹಾಕೋರನ್ನು ಕಂಡರೆ ನನಗೂ ಮೈ ಉರಿಯುತ್ತೆ. ವಿಶ್ವಸಂಸ್ಥೆಯ ಸ್ವಯಂಸೇವಕರಿಗೆ ಖರ್ಚಿಗೆ ಅವರೇ ಭತ್ಯೆ ಕೊಡುತ್ತಾರೆ, ಇವಳು ಯಾಕೆ ಕೈಯಿಂದ ಹಾಕಬೇಕು ಅಂತ ನಾನೇ ಜಗಳ ಆಡಿದ್ದೆ. ಅದಕ್ಕೆ ಅನುಭವ ಬೇಕಂತೆ ದೊಡ್ಡಮ್ಮ, ಅನುಭವಕ್ಕೆ ಎಲ್ಲಿಗೆ ಹೋಗಲಿ ಅಂದಳು. ಬಾಯಿ ಮುಚ್ಚಿಕೊಂಡೆ. ಆದರೂ ಬಿಡದೆ ಆ ಸಂಸ್ಥೆಯ ಕಾಗದ ಎಲ್ಲ ತರಿಸಿ ಓದಿದೆ. 34 ವರ್ಷ ಸಾಲದ ಅರ್ಜಿ ಓದಿದವಳು ನಾನು. ಅನಾಥಾಶ್ರಮ ಅಲ್ಲ, ಕಲಿಯೋರು ಹದಿನೇಳು ಹದಿನೆಂಟು ದಾಟಿದವರು. ಆ ದೇಶದಲ್ಲಿ ಹೆಚ್ಚುಕಡಿಮೆ ಅರ್ಧ ಜನ 18 ತುಂಬದವರಂತೆ. ಅಷ್ಟು ಜನಕ್ಕೆ ಕೆಲಸ ಎಲ್ಲಿಂದ ಬರಬೇಕು? ಒಂದು ಮಿಷಿನ್ ತುಳಿಯೋಕೆ ಬಂದರೂ ಬಂತಲ್ಲ. ಹತ್ತಿ ಗಿರಣಿ ನಂಬಿ ಬೆಳೆದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನು "ಇಲ್ಲಿ ಬಡವರಿಲ್ವಾ" ಅನ್ನೋ ಮಾತು. ಇದ್ದಾರೆ ಸ್ವಾಮಿ. ಇವಳು ಎರಡು ವರ್ಷ ಜಗಳೂರು ತಾಲ್ಲೂಕಿನಲ್ಲೇ ಬಸ್ಸಿನಲ್ಲಿ ಓಡಾಡಿದಳು. ಆಗ ನೀವು ಎಷ್ಟು ಕೊಟ್ಟಿರಿ? ಚಿತ್ರದುರ್ಗದ ಮುರುಘಾ ಮಠದ ಜಯದೇವ ಜಗದ್ಗುರುಗಳು ಉಚಿತ ಹಾಸ್ಟೆಲ್ ಕಟ್ಟಿಸಿದಾಗ "ಎಲ್ಲಿಂದಲೋ ಬಂದ ಹುಡುಗರಿಗೆ ನಾವ್ಯಾಕೆ ಕೊಡಬೇಕು" ಅಂತ ಎಲ್ಲರೂ ಕೂತಿದ್ದರೆ ನಮ್ಮಪ್ಪ ಎಸ್ಸೆಸ್ಸೆಲ್ಸಿ ಪಾಸಾಗುತ್ತಿರಲಿಲ್ಲ. ನಾನು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಸರಿ, ನನ್ನದೂ ಒಂದು ಹೇಳಿಬಿಡುತ್ತೇನೆ. 1993ರಲ್ಲಿ ಲಾತೂರ್ ಭೂಕಂಪ ಆದಾಗ ಕಾಲೇಜು ಹುಡುಗರು ಡಬ್ಬಿ ಹಿಡಿದು ನನ್ನ ಕೌಂಟರಿಗೆ ಬಂದಿದ್ದರು. "ಚಿಲ್ಲರೆ ಇಲ್ಲಪ್ಪಾ" ಅಂದಿದ್ದೆ. ಕ್ಯಾಷ್ ಕೌಂಟರಿನಲ್ಲಿ ಕೂತು ಚಿಲ್ಲರೆ ಇಲ್ಲ ಅಂದಿದ್ದೆ! ಆ ಹುಡುಗ ನಗಲೂ ಇಲ್ಲ, ಥ್ಯಾಂಕ್ಸ್ ಮೇಡಂ ಅಂತ ಮುಂದಿನ ಕೌಂಟರಿಗೆ ಹೋದ. ಅಂಕಲ್ ಮೇಲೆ ಇಷ್ಟು ಸಿಟ್ಟು ಬರೋಕೆ ಅದೂ ಒಂದು ಕಾರಣ ಇರಬಹುದು.

ಇವತ್ತು ಬೆಳಿಗ್ಗೆ ಅವರೇ ಎದುರಿಗೆ ಸಿಕ್ಕರು. ಕೈಯಲ್ಲಿ ಅದೇ ಚೀಲ. ಒಂದು ದೊಡ್ಡ ಕುಂಬಳಕಾಯಿ, ಮೇಲೆ ಎರಡು ಕಟ್ಟು ಮೆಂತ್ಯ ಸೊಪ್ಪು. ಐದು ಕೇಜಿಗೆ ಕಡಿಮೆ ಇರಲಿಲ್ಲ. "ಗಟ್ಟಿ ಇದೆ ಕಣಮ್ಮಾ ಚೀಲ" ಅಂದರು.

ಇನ್ನೂ 43 ಚೀಲ ಉಳಿದಿವೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ. ಈ ಸಲ ಡಬ್ಬಿ ಜೊತೆ ಮಾರಾಟವೂ ನನ್ನದೇ. ಚೌಕಾಸಿ ಇಲ್ಲ.